ನೋವಿನ ದಾರಿಯ ನಕ್ಷೆ ಬರೆದ ಸಾಂಟಿಯಾಗೊ ರಮೋನ್ ಇ ಕಹಾಲ್

ಹತ್ತನೇ ತರಗತಿಯ ವಿಜ್ಞಾನ ಪತ್ರಿಕೆಯಲ್ಲಿ ನರಕೋಶದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆ ಬಂದರೆ ಅಷ್ಟು ಅಂಕ ಕಿಸೆಗೆ ಬಿದ್ದಂತೆಯೇ ಎಂದು ನಮ್ಮ ಬ್ಯಾಚಿನವರೆಲ್ಲ ನಂಬಿದ್ದೆವು. ಒಂದು ಕಡೆ ಬೇರಿನಂತೆ ಕವಲೊಡೆದ ಡೆಂಡ್ರೈಟುಗಳು, ನಡುವೆ ಕೋಶಕಾಯ, ಅಲ್ಲಿಂದ ಬಾಲದಂತೆ ಹೊರಟ ಆಕ್ಸಾನ್, ಅದರ ತುದಿಯಲ್ಲಿ ಮತ್ತೆ ಕವಲು. ಚೂಪಾದ ಪೆನ್ಸಿಲ್ ಇದ್ದರೆ ಐದು ನಿಮಿಷದ ಕೆಲಸ. ಈ ಚಿತ್ರ ಸರಿ ಎಂದು ಜಗತ್ತನ್ನು ಒಪ್ಪಿಸಲು ಒಬ್ಬ ಮನುಷ್ಯ ತನ್ನ ಅರ್ಧ ಆಯುಷ್ಯ ಸವೆಸಿದ್ದರು ಎಂಬುದು ನನಗೆ ಗೊತ್ತಾದದ್ದು ಬಿ.ಇ. ಮುಗಿಸಿ, ಕೆಲಸಕ್ಕೆ ಸೇರಿ, ಎಷ್ಟೋ ವರ್ಷಗಳಾದ ಮೇಲೆ. ಅವರು ಸ್ಪೇನ್ ದೇಶದ ಸಾಂಟಿಯಾಗೊ ರಮೋನ್ ಇ ಕಹಾಲ್. ಸಾಫ್ಟ್‌ವೇರ್ ಕೆಲಸದವನು ಮೆದುಳಿನ ವಿಜ್ಞಾನಿಯ ಬಗ್ಗೆ ಏಕೆ ಬರೆಯುತ್ತಾನೆ ಎಂದು ನಮ್ಮ ಗುರುಗಳು ಹುಬ್ಬೇರಿಸಬಹುದು. ಕಹಾಲ್ ಬಿಡಿಸಿದ್ದು ಮನುಷ್ಯನೊಳಗಿನ ವೈರಿಂಗನ್ನು. ಆ ಕಾರಣಕ್ಕೇ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ಅವರ ಕಾಲದಲ್ಲಿ ಇದ್ದ ಪ್ರಶ್ನೆಯನ್ನು ಮೊದಲು ತಿಳಿದುಕೊಳ್ಳೋಣ. ಬರಿಗಾಲಿನಲ್ಲಿ ನಡೆಯುವಾಗ ಮುಳ್ಳು ಚುಚ್ಚಿತು ಎನ್ನಿ. ಕಾಲು ತಾನಾಗಿ ಮೇಲಕ್ಕೆ ಬರುತ್ತದೆ. ಚುಚ್ಚಿದ್ದು ಹಿಮ್ಮಡಿಗೋ ಹೆಬ್ಬೆರಳಿಗೋ ಎಂಬುದು ಕಣ್ಣು ಮುಚ್ಚಿಕೊಂಡಿದ್ದರೂ ತಿಳಿಯುತ್ತದೆ. ಜೊತೆಗೆ ನೋವಾಗುತ್ತದೆ. ಈ ಮೂರೂ ಹೇಗೆ ನಡೆಯುತ್ತವೆ? ಫ್ರಾನ್ಸಿನ ದೆಕಾರ್ತ್ ಬರೆದು, ಅವರು ತೀರಿಕೊಂಡ ಮೇಲೆ 1664ರಲ್ಲಿ ಫ್ರೆಂಚಿನಲ್ಲಿ ಹೊರಬಂದ ಪುಸ್ತಕದಲ್ಲಿ ಇದಕ್ಕೊಂದು ಚಿತ್ರವೇ ಇದೆ. ಬೆಂಕಿಯ ಹತ್ತಿರ ಕಾಲಿಟ್ಟವನೊಬ್ಬ, ಅವನ ಪಾದದಿಂದ ಮೆದುಳಿನವರೆಗೆ ಒಂದು ದಾರ. ಕೆಳಗೆ ಹಗ್ಗ ಜಗ್ಗಿದರೆ ಮೇಲೆ ಗಂಟೆ ಬಾರಿಸುವಂತೆ ಬೆಂಕಿ ದಾರವನ್ನು ಎಳೆಯುತ್ತದೆ, ಮೆದುಳಿಗೆ ಸುದ್ದಿ ಮುಟ್ಟುತ್ತದೆ. ಆಮೇಲೆ ಬೆಲ್ ಮತ್ತು ಮಜಂಡಿ ಎಂಬ ಇಬ್ಬರ ಪ್ರಯೋಗಗಳಿಂದ 1820ರ ದಶಕದ ಹೊತ್ತಿಗೆ ಇನ್ನೊಂದು ಸಂಗತಿ ಖಚಿತವಾಯಿತು. ಬೆನ್ನುಮೂಳೆಯೊಳಗಿನ ಮೆದುಳುಬಳ್ಳಿಗೆ ಹಿಂದಿನ ಬೇರುಗಳಿಂದ ಸಂವೇದನೆ ಒಳಗೆ ಬರುತ್ತದೆ, ಮುಂದಿನ ಬೇರುಗಳಿಂದ ಸ್ನಾಯುಗಳಿಗೆ ಆಜ್ಞೆ ಹೊರಗೆ ಹೋಗುತ್ತದೆ. ಒಳಬಾಗಿಲು ಗೊತ್ತಾಯಿತು, ಹೊರಬಾಗಿಲು ಗೊತ್ತಾಯಿತು. ಮನೆಯ ಒಳಗೆ ಏನಿದೆ ಎಂಬುದು ಮಾತ್ರ ಕತ್ತಲು. ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಕಾಣುತ್ತಿದ್ದುದು ತೆಂಗಿನ ನಾರನ್ನು ಉಂಡೆ ಕಟ್ಟಿದಂಥ ಸಿಕ್ಕು. ದೇಹದ ಉಳಿದೆಲ್ಲ ಭಾಗಗಳು ಬಿಡಿಬಿಡಿ ಕೋಶಗಳಿಂದಾಗಿವೆ ಎಂದು ಒಪ್ಪಿದ್ದ ವಿದ್ವಾಂಸರಲ್ಲಿ ಬಹುಮಂದಿ ನರಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ನರವ್ಯೂಹವೆಂದರೆ ಎಲ್ಲ ಎಳೆಗಳೂ ಒಂದಕ್ಕೊಂದು ಬೆಸೆದುಕೊಂಡ ಅಖಂಡ ಬಲೆ ಎಂಬುದು ಅವರ ನಂಬಿಕೆ.

ಈ ಬಲೆಯನ್ನು ಬಿಡಿಸಿದ ಮನುಷ್ಯ ಹುಟ್ಟಿದ್ದು 1852ರ ಮೇ 1ರಂದು, ಈಶಾನ್ಯ ಸ್ಪೇನಿನ ಬೆಟ್ಟದ ಹಳ್ಳಿ ಪೆತಿಯಾ ದೆ ಅರಗೋನ್‌ನಲ್ಲಿ. ತಂದೆ ಹುಸ್ತೊ ರಮೋನ್ ಬಡ ಕುಟುಂಬದಿಂದ ಬಂದವರು. ಹಳ್ಳಿಯ ಕ್ಷೌರಿಕ ವೈದ್ಯನ ಕೈಕೆಳಗೆ ದುಡಿದು, ಕಷ್ಟಪಟ್ಟು ಓದಿ, ಊರೂರು ಬದಲಾಯಿಸುತ್ತ ಶಸ್ತ್ರವೈದ್ಯರಾಗಿ ಬಾಳಿದವರು. ಮಗ ವೈದ್ಯನಾಗಲೇಬೇಕು ಎಂಬ ಹಟ ಅವರದು. ಮಗನಿಗೋ ಚಿತ್ರ ಬರೆಯುವ ಹುಚ್ಚು. ಕಾಗದ, ಗೋಡೆ, ಬಾಗಿಲು ಏನು ಸಿಕ್ಕರೂ ಗೀಚುತ್ತಿದ್ದ. ಹುಡುಗನಲ್ಲಿ ನಿಜವಾಗಿಯೂ ಕಲೆ ಇದೆಯೇ ಎಂದು ತೀರ್ಮಾನಿಸಲು ತಂದೆ ಒಮ್ಮೆ ಆಯೆರ್ಬೆ ಎಂಬ ಊರಿನ ಚರ್ಚಿಗೆ ಸುಣ್ಣಬಣ್ಣ ಬಳಿಯಲು ಬಂದಿದ್ದ ಕೆಲಸಗಾರನನ್ನು ಕೇಳಿದರಂತೆ. ಅವನು ಚಿತ್ರ ನೋಡಿ ಇವನಿಗೆ ಕಲೆ ಬರುವುದಿಲ್ಲ ಎಂದುಬಿಟ್ಟ. ಅಲ್ಲಿಗೆ ಕುಂಚ, ಬಣ್ಣ ಎಲ್ಲ ಬಂದ್.

ಹುಡುಗ ಸುಮ್ಮನೆ ಕೂರುವವನಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಮರದ ದಿಮ್ಮಿ ಕೊರೆದು, ತಂತಿ ಹಗ್ಗ ಬಿಗಿದು ಒಂದು ಫಿರಂಗಿ ತಯಾರಿಸಿ, ಮದ್ದು ಕಲ್ಲು ತುಂಬಿ ನೆರೆಮನೆಯವರ ಹೊಸ ಗೇಟಿಗೇ ಹಾರಿಸಿದ. ಗೇಟು ಚೂರಾಯಿತು, ಹುಡುಗ ಕೆಲವು ದಿನ ಊರಿನ ಜೈಲಿನಲ್ಲಿ ಕೂತ. ಬಿಡಿಸಿಕೊಂಡು ಬರಲು ತಂದೆ ಅವಸರ ಮಾಡಲಿಲ್ಲ. ಹಾಕಾ ಎಂಬ ಊರಿನ ಪಾದ್ರಿಗಳ ಶಾಲೆಗೆ ಹಾಕಿದಾಗ ಲ್ಯಾಟಿನ್ ಬಾಯಿಪಾಠ ಬರದ ತಪ್ಪಿಗೆ ಹೊಡೆತ, ಉಪವಾಸ, ಕೋಣೆಯಲ್ಲಿ ಕೂಡಿಹಾಕುವುದು ಎಲ್ಲವೂ ನಡೆಯಿತು. ಓದು ಹತ್ತದಿದ್ದಾಗ ತಂದೆ ಅವನನ್ನು ಕ್ಷೌರದಂಗಡಿಗೆ ಸೇರಿಸಿದರು, ಬಳಿಕ ಚಪ್ಪಲಿ ಹೊಲಿಯುವವರ ಬಳಿ ಬಿಟ್ಟರು. ದೊಡ್ಡವರ ಜೀವನಚರಿತ್ರೆಗಳಲ್ಲಿ ಇಂಥ ಪ್ರಸಂಗ ಬಂದಾಗಲೆಲ್ಲ ಆ ಪೆಟ್ಟುಗಳಿಂದಲೇ ಅವರು ದೊಡ್ಡವರಾದರು ಎಂದು ಬರೆಯುವ ರೂಢಿ ಇದೆ. ನನಗೆ ಹಾಗೆ ಅನಿಸುವುದಿಲ್ಲ. ಪೆಟ್ಟಿನಿಂದ ಲ್ಯಾಟಿನ್ ಅಂತೂ ಬರಲಿಲ್ಲ. ಹುಡುಗನನ್ನು ತಿರುಗಿಸಿದ್ದು ಬೇರೆಯೇ ಒಂದು ಸಂಗತಿ.

1868ರ ಬೇಸಿಗೆಯಲ್ಲಿ ತಂದೆ ಮಗನನ್ನು ಹಳೆಯ ಸ್ಮಶಾನವೊಂದಕ್ಕೆ ಕರೆದುಕೊಂಡು ಹೋದರು. ಹೊರಗೆ ಬಿದ್ದಿದ್ದ ಮನುಷ್ಯರ ಎಲುಬುಗಳನ್ನು ಆರಿಸಿ ತಂದು ಮನೆಯಲ್ಲಿ ಒಂದೊಂದನ್ನೇ ಕೈಗೆ ಕೊಟ್ಟು ಪಾಠ ಶುರುಮಾಡಿದರು. ಎಲುಬಿನ ಪಾಠ ಹುಡುಗನಿಗೆ ಹಿಡಿಸಿತು. ಎಲುಬನ್ನು ತಿಳಿಯಬೇಕಾದರೆ ಅದನ್ನು ಬರೆಯಬೇಕಲ್ಲ! ನಿಷೇಧಿಸಿದ್ದ ಪೆನ್ಸಿಲ್ ತಂದೆಯ ಒಪ್ಪಿಗೆಯೊಂದಿಗೇ ಕೈಗೆ ಮರಳಿತು. ಮುಂದೆ ಸಾರಗೋಸಾದ ವೈದ್ಯಕೀಯ ಶಾಲೆಯಲ್ಲಿ ತಂದೆ ಶವಚ್ಛೇದನ ಕಲಿಸುವವರಾದರು, ಮಗ ಪಕ್ಕದಲ್ಲಿ ನಿಂತು ಚಿತ್ರ ಬರೆಯುವವನಾದ.

1873ರಲ್ಲಿ ವೈದ್ಯ ಪದವಿ ಬಂತು, ಕೂಡಲೇ ಸೈನ್ಯದ ಕರೆಯೂ ಬಂತು. ಆಗ ಕ್ಯೂಬಾ ಸ್ಪೇನಿನ ವಸಾಹತು, ಅಲ್ಲಿ ಬಂಡಾಯ ನಡೆಯುತ್ತಿತ್ತು. 1874ರಲ್ಲಿ ಸೇನಾ ವೈದ್ಯರಾಗಿ ಅಲ್ಲಿಗೆ ಹೋದ ಕಹಾಲ್ ಅವರಿಗೆ ಜೌಗು ಪ್ರದೇಶದ ಆಸ್ಪತ್ರೆಗಳಲ್ಲಿ ಎದುರಾದ ಶತ್ರು ಮಲೇರಿಯಾ. ರೋಗಿಗಳ ಪಾಲಿನ ಆಹಾರವನ್ನು ಮೇಲಿನವರು ಕದಿಯುವುದನ್ನು ಕಂಡು ಜಗಳವಾಡಿದರು, ಪ್ರಯೋಜನವಾಗಲಿಲ್ಲ. ಜ್ವರದಿಂದ ಸೊರಗಿ 1875ರಲ್ಲಿ ಮರಳಿದರು. ಕ್ಯೂಬಾದ ಸಂಬಳದಲ್ಲಿ ಉಳಿಸಿದ ಹಣ ಪ್ರಯೋಗಾಲಯ ಕಟ್ಟಿಕೊಳ್ಳಲು ನೆರವಾಯಿತು. ಮ್ಯಾಡ್ರಿಡ್‌ನಲ್ಲಿ ಡಾಕ್ಟರೇಟ್ ಪರೀಕ್ಷೆಗೆ ಹೋದಾಗ ಸೂಕ್ಷ್ಮದರ್ಶಕದಲ್ಲಿ ಇಣುಕಿದ ಅವರು ಊರಿಗೆ ಬಂದು ತಾವೇ ಒಂದನ್ನು ಕೊಂಡು, ಮನೆಯಲ್ಲೇ ಕೆಲಸ ಆರಂಭಿಸಿದರು. 1878ರಲ್ಲಿ ಕ್ಷಯ ತಗುಲಿ ರಕ್ತ ಕಾರಿದರು, ಬೆಟ್ಟದ ಗಾಳಿಯಲ್ಲಿ ಚೇತರಿಸಿಕೊಂಡರು. ಮರುವರ್ಷ ಸಿಲ್ವೇರಿಯಾ ಫಾನ್ಯಾನಸ್ ಅವರನ್ನು ಮದುವೆಯಾದರು. ಏಳು ಮಕ್ಕಳಾದರು. ಆ ಮನೆಯ ಸಂಬಳ ಚಿಕ್ಕದು, ಅದರಲ್ಲೂ ಒಂದು ಭಾಗ ರಾಸಾಯನಿಕ, ಗಾಜು, ಮುದ್ರಣ ಎಂದು ಹೋಗುತ್ತಿತ್ತು. ಲೆಕ್ಕ ತೂಗಿಸಿದವರು ಸಿಲ್ವೇರಿಯಾ. ಅವರ ಹೆಸರಿಲ್ಲದೆ ಈ ಕಥೆ ಹೇಳಿದರೆ ಅದು ಅರ್ಧ ಕಥೆ.

ವೇಲೆನ್ಸಿಯಾದಲ್ಲಿ ಅಂಗರಚನಾ ಪ್ರಾಧ್ಯಾಪಕರಾದ ಮೇಲೆ, 1885ರಲ್ಲಿ ಆ ಸೀಮೆಗೆಲ್ಲ ಕಾಲರಾ ಬಂತು. ಸಾರಗೋಸಾದ ಪ್ರಾಂತೀಯ ಆಡಳಿತಕ್ಕಾಗಿ ಕಹಾಲ್ ಆ ರೋಗದ ಅಧ್ಯಯನ ಮಾಡಿಕೊಟ್ಟರು. ಅದಕ್ಕೆ ಪ್ರತಿಯಾಗಿ ಅವರು ಕೊಟ್ಟ ಉಡುಗೊರೆ ಜರ್ಮನಿಯ ಜೈಸ್ ಕಂಪನಿಯ ಉತ್ತಮ ಸೂಕ್ಷ್ಮದರ್ಶಕ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಇದ್ದ ಒಂದೇ ಒಂದು ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಲು ಸಾಲಿನಲ್ಲಿ ನಿಂತವರಿಗೆ ಆ ಉಡುಗೊರೆಯ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ತಿರುವು ಬಂದದ್ದು 1887ರಲ್ಲಿ. ಮ್ಯಾಡ್ರಿಡ್‌ಗೆ ಹೋಗಿದ್ದಾಗ ಲೂಯಿಸ್ ಸಿಮಾರೊ ಎಂಬ ವೈದ್ಯರು ಮನೆಯಲ್ಲಿ ಒಂದು ಗಾಜಿನ ಪಟ್ಟಿ ತೋರಿಸಿದರು. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಕಂಡುಹಿಡಿದಿದ್ದ ವಿಧಾನದಲ್ಲಿ ಬಣ್ಣ ಹಿಡಿಸಿದ ಮೆದುಳಿನ ತುಣುಕು ಅದು. ನರದ ಅಂಗಾಂಶವನ್ನು ಪೊಟ್ಯಾಶಿಯಂ ಡೈಕ್ರೋಮೇಟಿನಲ್ಲಿ ನೆನೆಸಿ ಆಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಹಾಕಿದರೆ, ಸಾವಿರಾರು ಕೋಶಗಳ ನಡುವೆ ಎಲ್ಲೋ ಕೆಲವು ಮಾತ್ರ ಪೂರ್ತಿ ಕಪ್ಪಾಗುತ್ತವೆ. ಉಳಿದವು ಹಳದಿ ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಕೆಲವೇ ಏಕೆ ಕಪ್ಪಾಗಬೇಕು ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಆದರೆ ಅದೇ ಅದರ ಗುಣ. ದಟ್ಟ ಕಾಡಿನಲ್ಲಿ ಎಲ್ಲ ಮರಗಳೂ ಮಾಯವಾಗಿ ಒಂದೇ ಮರ ಬೇರು, ಕಾಂಡ, ತುದಿಯ ಚಿಗುರಿನ ಸಮೇತ ಎದುರು ನಿಂತಂತೆ. ಹದಿನಾಲ್ಕು ವರ್ಷ ಹಳೆಯದಾಗಿದ್ದ ಈ ವಿಧಾನವನ್ನು ಹೆಚ್ಚಿನವರು ನೆಚ್ಚಿರಲಿಲ್ಲ, ಒಮ್ಮೆ ಬಂದರೆ ಇನ್ನೊಮ್ಮೆ ಬಾರದು ಎಂಬ ಕಾರಣಕ್ಕೆ.

ಅದೇ ವರ್ಷದ ಕೊನೆಯ ಹೊತ್ತಿಗೆ ಬಾರ್ಸಿಲೋನಾಕ್ಕೆ ವರ್ಗವಾದ ಕಹಾಲ್ ಎರಡು ಉಪಾಯ ಮಾಡಿದರು. ಬೆಳ್ಳಿಯ ಸ್ನಾನವನ್ನು ಒಂದರ ಬದಲು ಎರಡು ಸಲ ಕೊಟ್ಟರು. ಎರಡನೆಯದು ಇನ್ನೂ ಮುಖ್ಯ. ಬೆಳೆದ ಪ್ರಾಣಿಯ ಮೆದುಳಿನ ಬದಲು ಮೊಟ್ಟೆಯೊಳಗಿನ ಮರಿ ಹಕ್ಕಿಗಳನ್ನೂ ಆಗಷ್ಟೇ ಹುಟ್ಟಿದ ಪ್ರಾಣಿಗಳನ್ನೂ ಆರಿಸಿಕೊಂಡರು. ಎಳೆಯ ನರತಂತುವಿನ ಮೇಲೆ ಕೊಬ್ಬಿನ ಹೊದಿಕೆ ಇನ್ನೂ ಕಟ್ಟಿರುವುದಿಲ್ಲ, ಬೆಳ್ಳಿ ಸರಾಗವಾಗಿ ಹಿಡಿಯುತ್ತದೆ. ಕವಲುಗಳೂ ಕಡಿಮೆ. ಬೆಳೆದ ಕಾಡಿನಲ್ಲಿ ದಾರಿ ತಪ್ಪುವುದಕ್ಕಿಂತ ಸಸಿಮಡಿಯಲ್ಲಿ ಗಿಡ ನೋಡುವುದು ಸುಲಭ ಎಂಬ ಸರಳ ವಿವೇಕ. ನಮ್ಮ ಕೆಲಸದಲ್ಲೂ ದೊಡ್ಡ ಪ್ರೋಗ್ರಾಮಿನಲ್ಲಿ ದೋಷ ಸಿಗದಿದ್ದಾಗ ಅದರ ಚಿಕ್ಕ ಮಾದರಿ ಮಾಡಿ ಹುಡುಕುತ್ತೇವೆ.

1888 ಅವರ ಸುಗ್ಗಿಯ ವರ್ಷ. ಹಕ್ಕಿಯ ಹಿಮ್ಮೆದುಳನ್ನು ನೋಡುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಕಾಣಿಸಿತು. ಪ್ರತಿ ಆಕ್ಸಾನ್ ಇನ್ನೊಂದು ಕೋಶದ ಹತ್ತಿರಕ್ಕೆ ಬಂದು, ಅದರ ಮೈಗೆ ಬುಟ್ಟಿಯಂತೆಯೋ ಬಳ್ಳಿಯಂತೆಯೋ ಸುತ್ತಿಕೊಂಡು, ಅಲ್ಲಿಯೇ ಮುಗಿಯುತ್ತದೆ. ಬೆಸೆದುಕೊಳ್ಳುವುದಿಲ್ಲ. ನರವ್ಯೂಹ ಬಲೆಯಲ್ಲ, ಒಂದನ್ನೊಂದು ಮುಟ್ಟುವಷ್ಟು ಹತ್ತಿರ ನಿಂತ ಬಿಡಿ ಕೋಶಗಳ ಸಮುದಾಯ. ಇಂಥ ಊಹೆಯನ್ನು ಹಿಸ್, ಫೊರೆಲ್ ಎಂಬ ಇಬ್ಬರು ಸ್ವಲ್ಪ ಮುಂಚೆ ಮಾಡಿದ್ದರು ಎಂಬುದನ್ನೂ ಹೇಳಬೇಕು. ಕಣ್ಣಿಗೆ ಕಾಣುವಂತೆ, ಮೆದುಳಿನ ಭಾಗ ಭಾಗಕ್ಕೂ ಚಿತ್ರ ಬರೆದು ತೋರಿಸಿದವರು ಕಹಾಲ್. ಪ್ರಕಟಿಸಲು ಕಾಯುವ ತಾಳ್ಮೆ ಇಲ್ಲದೆ ಸ್ವಂತ ಹಣದಲ್ಲಿ ತಾವೇ ಒಂದು ಪತ್ರಿಕೆ ಶುರುಮಾಡಿದರು. ಅಚ್ಚಾದದ್ದು 60 ಪ್ರತಿ. ಹೆಚ್ಚಿನವನ್ನು ಹೊರದೇಶದ ವಿದ್ವಾಂಸರಿಗೆ ಅಂಚೆಯಲ್ಲಿ ಕಳಿಸಿದರು. ಸ್ಪ್ಯಾನಿಷ್ ಓದಬಲ್ಲವರು ಅಲ್ಲಿ ಯಾರಿದ್ದರು? ಉತ್ತರವೇ ಇಲ್ಲ.

1889ರ ಅಕ್ಟೋಬರಿನಲ್ಲಿ ಕೂಡಿಟ್ಟ ಹಣ ಖರ್ಚುಮಾಡಿ, ತಮ್ಮ ಗಾಜಿನ ಪಟ್ಟಿಗಳನ್ನು ಕಟ್ಟಿಕೊಂಡು, ಜರ್ಮನ್ ಅಂಗರಚನಾ ವಿಜ್ಞಾನಿಗಳ ಸಮ್ಮೇಳನಕ್ಕೆ ಬರ್ಲಿನ್‌ಗೆ ಹೋದರು. ಜರ್ಮನ್ ಮಾತಾಡಲು ಬಾರದು, ಫ್ರೆಂಚ್ ತಡವರಿಸುತ್ತಿತ್ತು. ಸೂಕ್ಷ್ಮದರ್ಶಕಗಳನ್ನು ಸಾಲಾಗಿಟ್ಟು ಬಂದವರನ್ನೆಲ್ಲ ಕರೆದು ನೋಡಿ ಎಂದು ಬೇಡಿಕೊಂಡಂತೆ ತೋರಿಸಿದರು. ಆ ಕ್ಷೇತ್ರದ ಹಿರಿಯರಲ್ಲಿ ಹಿರಿಯರಾದ ಆಲ್ಬರ್ಟ್ ಕಲ್ಲಿಕರ್ ಬಂದು ಕಣ್ಣಿಟ್ಟರು. ಅಲ್ಲಿಯವರೆಗೆ ಅವರೂ ಬಲೆಯ ಪಕ್ಷದವರೇ. ನೋಡಿದರು, ಒಪ್ಪಿದರು, ಈ ಅಪರಿಚಿತನನ್ನು ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಊಟ ಹಾಕಿಸಿ ಉಳಿದ ವಿದ್ವಾಂಸರಿಗೆ ಪರಿಚಯಿಸಿದರು. ಮುಂದೆ ಕಹಾಲರ ಬರಹ ಓದಲೆಂದೇ ಆ ಇಳಿವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತರು. ಎಪ್ಪತ್ತು ದಾಟಿದ ಮನುಷ್ಯ ತಾನು ನಂಬಿದ್ದನ್ನು ಒಂದು ಮಧ್ಯಾಹ್ನದಲ್ಲಿ ಬಿಟ್ಟುಕೊಟ್ಟದ್ದು ನನ್ನ ಲೆಕ್ಕದಲ್ಲಿ ಕಹಾಲರ ಶೋಧದಷ್ಟೇ ದೊಡ್ಡ ಸಂಗತಿ. 1891ರಲ್ಲಿ ವಾಲ್ಡಯರ್ ಎಂಬ ಜರ್ಮನ್ ವಿದ್ವಾಂಸರು ಈ ಕೋಶಕ್ಕೆ ನ್ಯೂರಾನ್ ಎಂದು ಹೆಸರಿಟ್ಟರು.

ಈಗ ನೋವಿನ ವಿಷಯಕ್ಕೆ ಬರೋಣ. ಹಿಮ್ಮೆದುಳಿನ ನಂತರ ಕಹಾಲ್ ಕೈಹಾಕಿದ್ದು ಮೆದುಳುಬಳ್ಳಿಗೆ. ಹಿಂದಿನ ಬೇರಿನಿಂದ ಒಳಗೆ ಬಂದ ತಂತು ಎಲ್ಲಿಗೆ ಹೋಗುತ್ತದೆ ಎಂಬ ಹಳೆಯ ಒಗಟನ್ನು ಬೆಳ್ಳಿಯ ಕಪ್ಪಿನಲ್ಲಿ ಹಿಂಬಾಲಿಸಿದರು. ಒಳಬಂದ ಪ್ರತಿ ತಂತುವೂ ಇಬ್ಭಾಗವಾಗಿ ಒಂದು ಕವಲು ಮೇಲಕ್ಕೆ, ಒಂದು ಕೆಳಕ್ಕೆ ಹೊರಡುತ್ತದೆ. ಹೋಗುತ್ತ ಹೋಗುತ್ತ ಪಕ್ಕಕ್ಕೆ ಸಣ್ಣ ಸಣ್ಣ ಟಿಸಿಲುಗಳನ್ನು ಚಾಚುತ್ತದೆ. ಆ ಟಿಸಿಲುಗಳು ನಡುವಿನ ಬೂದು ಭಾಗದ ಕೋಶಗಳ ಸುತ್ತ ಕವಲೊಡೆದು ಮುಗಿಯುತ್ತವೆ. ಜೊತೆಗೆ, ಸುದ್ದಿ ಡೆಂಡ್ರೈಟಿನಿಂದ ಒಳಗೆ ಬಂದು ಆಕ್ಸಾನಿನಿಂದ ಹೊರಗೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ ಎಂಬ ನಿಯಮವನ್ನೂ ಮಂಡಿಸಿದರು. ಅವರ ಚಿತ್ರಗಳಲ್ಲಿ ಅಲ್ಲಲ್ಲಿ ಕಾಣುವ ಪುಟ್ಟ ಬಾಣದ ಗುರುತುಗಳು ಇದನ್ನೇ ಹೇಳುತ್ತವೆ. ಸತ್ತ ಅಂಗಾಂಶದ ಚಿತ್ರದಲ್ಲಿ ಜೀವಂತ ಸಂಚಾರದ ದಿಕ್ಕು ಬರೆದವರು ಅವರು.

ಆ ನಕ್ಷೆಯ ಮೇಲೆ, ಆಮೇಲಿನವರು ಸೇರಿಸಿದ್ದನ್ನೂ ಕೂಡಿಸಿ, ಒಂದು ನೋವನ್ನು ನಡೆಸಿ ನೋಡೋಣ. ಕಾದ ದೋಸೆ ಕಾವಲಿಗೆ ಬೆರಳು ತಗುಲಿತು. ಚರ್ಮದಲ್ಲಿ ಹೊದಿಕೆಯಿಲ್ಲದ ಬರಿಯ ನರತುದಿಗಳಿವೆ. ಬಿಸಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವುಗಳಲ್ಲಿ ಕೆಲವು ಎಚ್ಚೆತ್ತು ವಿದ್ಯುತ್ ಸಂಕೇತ ಕಳಿಸುತ್ತವೆ. ಆ ತುದಿ ಯಾವ ಕೋಶದ್ದೋ ಅದರ ಕಾಯ ಇರುವುದು ಬೆರಳಿನಲ್ಲಲ್ಲ, ಬೆನ್ನುಮೂಳೆಯ ಪಕ್ಕದ ಸಣ್ಣ ಗಂಟಿನಲ್ಲಿ. ಅಲ್ಲಿಂದ ಒಂದು ತೋಳು ಬೆರಳಿಗೆ, ಇನ್ನೊಂದು ತೋಳು ಮೆದುಳುಬಳ್ಳಿಗೆ ಚಾಚಿಕೊಂಡಿರುತ್ತದೆ. ಕಾಲಿನ ಹೆಬ್ಬೆರಳಿನ ಕೋಶವಾದರೆ ಅದರ ಒಂದು ತೋಳೇ ಸುಮಾರು ಒಂದು ಮೀಟರ್ ಉದ್ದ! ಸಂಕೇತ ಮೆದುಳುಬಳ್ಳಿಯ ಹಿಂಭಾಗವನ್ನು ಮುಟ್ಟಿದ ಕೂಡಲೇ ಎರಡು ಕೆಲಸ ಶುರುವಾಗುತ್ತದೆ. ನಡುವಿನ ಕೋಶಗಳ ಮೂಲಕ ಸ್ನಾಯುವಿನ ನರಕೋಶಗಳಿಗೆ ಸುದ್ದಿ ಹೋಗಿ ಕೈ ಹಿಂದಕ್ಕೆ ಬರುತ್ತದೆ. ಇದು ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ, ಇದೇ ಪರಾವರ್ತಿತ ಕ್ರಿಯೆ. ಅದೇ ಹೊತ್ತಿಗೆ ಇನ್ನೊಂದು ಕೋಶ ಸುದ್ದಿ ಪಡೆದು, ತನ್ನ ಆಕ್ಸಾನನ್ನು ಬಳ್ಳಿಯ ಎದುರು ಬದಿಗೆ ದಾಟಿಸಿ, ಮೇಲೆ ಥಾಲಮಸ್ ಎಂಬ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿಂದ ಮೆದುಳಿನ ಹೊರಪದರಕ್ಕೆ. ಆಗ ನಮಗೆ ಅಯ್ಯೋ ಎನಿಸುತ್ತದೆ. ಅಷ್ಟರಲ್ಲಿ ಕೈ ಎಂದೋ ಕಾವಲಿ ಬಿಟ್ಟಿರುತ್ತದೆ.

ನೋವು ಎರಡು ಕಂತಿನಲ್ಲಿ ಬರುವುದನ್ನೂ ಎಲ್ಲರೂ ಅನುಭವಿಸಿದ್ದೇವೆ. ಮೊದಲು ಚುರ್ ಎನ್ನುವ ನೋವು, ಸ್ವಲ್ಪ ತಡೆದು ಉರಿ. ತೆಳು ಹೊದಿಕೆಯಿರುವ ತಂತುಗಳು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಮೊದಲ ಸುದ್ದಿ ತರುತ್ತವೆ. ಹೊದಿಕೆಯಿಲ್ಲದವು 2 ಮೀಟರ್‌ಗಿಂತ ನಿಧಾನವಾಗಿ, ಕಾಲ್ನಡಿಗೆಯ ವೇಗದಲ್ಲಿ ಉರಿಯನ್ನು ಹೊತ್ತು ತರುತ್ತವೆ.

ಇಲ್ಲಿ ಕಹಾಲರ ಬಿಡಿ ಕೋಶದ ಮಹತ್ವ ಕಾಣುತ್ತದೆ. ಎಲ್ಲವೂ ಬೆಸೆದ ಒಂದೇ ಬಲೆಯಾಗಿದ್ದರೆ, ಅಥವಾ ದೆಕಾರ್ತರ ದಾರದಂತೆ ಒಂದೇ ಎಳೆಯಾಗಿದ್ದರೆ, ಸುದ್ದಿ ದಾರಿಯಲ್ಲಿ ನಿಲ್ಲುವ ಜಾಗವೇ ಇರುತ್ತಿರಲಿಲ್ಲ. ಜಗ್ಗಿದಷ್ಟೂ ಗಂಟೆ ಹೊಡೆಯಬೇಕು. ಕೋಶ ಕೋಶದ ನಡುವೆ ಬಿಡುವು ಇರುವುದರಿಂದ ಪ್ರತಿ ಬಿಡುವೂ ಒಂದು ಗೇಟು. ಅಲ್ಲಿ ರಾಸಾಯನಿಕವೊಂದು ಸುದ್ದಿಯನ್ನು ದಾಟಿಸಬೇಕು. ಅದನ್ನು ಹೆಚ್ಚಿಸಬಹುದು, ಕುಗ್ಗಿಸಬಹುದು, ತಡೆಯಲೂಬಹುದು. ಕ್ಯಾನ್ಸರ್ ರೋಗಿಗಳಿಗೆ ಕೊಡುವ ಮಾರ್ಫಿನ್ ಮೆದುಳುಬಳ್ಳಿಯ ಹಿಂಭಾಗದ ಇದೇ ಸಂಧಿಗಳಲ್ಲೂ ಮೆದುಳಿನಲ್ಲೂ ಕೆಲಸ ಮಾಡುತ್ತದೆ. ಪೆಟ್ಟು ಬಿದ್ದ ಕಡೆ ಅಜ್ಜಿ ಉಜ್ಜಿದರೆ ನೋವು ಇಳಿಯುವುದಕ್ಕೂ ಇಲ್ಲೇ ಕಾರಣ ಸಿಗುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು, ಸ್ಪರ್ಶದ ಸುದ್ದಿ ಬಂದು ನೋವಿನ ಗೇಟನ್ನು ಅರ್ಧ ಮುಚ್ಚುತ್ತದೆ ಎಂಬ ಸಿದ್ಧಾಂತ ಮಂಡಿಸಿದರು. ವಿವರಗಳಲ್ಲಿ ಅದು ಆಮೇಲೆ ತಿದ್ದಿಸಿಕೊಂಡಿತು, ಗೇಟಿನ ಕಲ್ಪನೆ ಉಳಿಯಿತು.

ಮೇಲಿನಿಂದಲೂ ಗೇಟು ಮುಚ್ಚಬಹುದು ಎಂಬುದನ್ನು ಕಹಾಲ್ ತಮ್ಮದೇ ರೀತಿಯಲ್ಲಿ ಕಂಡಿದ್ದರು. ವೇಲೆನ್ಸಿಯಾದ ದಿನಗಳಲ್ಲಿ ಅವರಿಗೆ ಸಂಮೋಹನದಲ್ಲಿ ಆಸಕ್ತಿ ಹುಟ್ಟಿ, ಮನೆಗೆ ಬರುವ ರೋಗಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಪತ್ನಿಯ ಹೆರಿಗೆಯ ಸಮಯದಲ್ಲಿ ಅದನ್ನೇ ಬಳಸಿದರು. ನೋವು ಗಮನಾರ್ಹವಾಗಿ ಕಡಿಮೆಯಾಯಿತೆಂದು 1889ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಬರೆದರು. ಒಂದು ಹೆರಿಗೆಯಿಂದ ಏನೂ ಸಿದ್ಧವಾಗುವುದಿಲ್ಲ. ಮೆದುಳಿನಿಂದ ಕೆಳಗಿಳಿದು ಬರುವ ನರಮಾರ್ಗಗಳು ಮೆದುಳುಬಳ್ಳಿಯಲ್ಲೇ ನೋವನ್ನು ಅದುಮಬಲ್ಲವು ಎಂಬುದು ಇಂದು ತಿಳಿದ ವಿಷಯ. ಅದಕ್ಕೇ ಆ ಹಳೆಯ ವರದಿಯನ್ನು ನಗುವಿನಿಂದ ತಳ್ಳಿಹಾಕುವಂತಿಲ್ಲ. ಸಂಮೋಹನವನ್ನು ಅವರು ಮುಂದುವರಿಸಲಿಲ್ಲ, ಸೂಕ್ಷ್ಮದರ್ಶಕ ಬಿಡಲಿಲ್ಲ. ಬಾರ್ಸಿಲೋನಾದಲ್ಲಿದ್ದಾಗ ಒಬ್ಬ ಪುಟ್ಟ ಮಗಳನ್ನು ಕಳೆದುಕೊಂಡರು. ಆ ನೋವಿಗೆ ಯಾವ ಸಂಧಿಯಲ್ಲೂ ಗೇಟಿರಲಿಲ್ಲ.

1892ರಲ್ಲಿ ಮ್ಯಾಡ್ರಿಡ್‌ನ ಪ್ರಾಧ್ಯಾಪಕ ಪದವಿ ಸಿಕ್ಕಿತು. 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಉಪನ್ಯಾಸಕ್ಕೆ ಕರೆಯಿತು. ಆಗ ಇಳಿದುಕೊಂಡದ್ದು ಚಾರ್ಲ್ಸ್ ಷೆರಿಂಗ್ಟನ್ ಎಂಬ ಯುವ ವಿಜ್ಞಾನಿಯ ಮನೆಯಲ್ಲಿ. ಅತಿಥಿ ಕೋಣೆಗೆ ಬೀಗ ಹಾಕಿಕೊಂಡು ಅಲ್ಲೂ ಸೂಕ್ಷ್ಮದರ್ಶಕದ ಕೆಲಸ ಮಾಡುತ್ತಿದ್ದರಂತೆ ಈ ಅತಿಥಿ! ಕಹಾಲ್ ತೋರಿಸಿದ ಕೋಶಗಳ ಸಂಧಿಗೆ 1897ರಲ್ಲಿ ಸಿನಾಪ್ಸ್ ಎಂಬ ಹೆಸರು ಬಂದದ್ದು ಷೆರಿಂಗ್ಟನ್ ಅವರಿಂದ. ಪರಾವರ್ತಿತ ಕ್ರಿಯೆಯ ಒಳಗುಟ್ಟನ್ನು ಪ್ರಯೋಗಗಳಿಂದ ಬಿಡಿಸಿದವರೂ, ದೇಹಕ್ಕೆ ಹಾನಿಮಾಡುವ ಪ್ರಚೋದನೆಯನ್ನು ಹಿಡಿಯಲೆಂದೇ ಬೇರೆ ನರಗಳಿವೆ ಎಂದು ವಾದಿಸಿದವರೂ ಅವರೇ.

1906ರ ನೊಬೆಲ್ ಬಹುಮಾನ ಕಹಾಲ್ ಮತ್ತು ಗಾಲ್ಜಿ ಇಬ್ಬರಿಗೂ ಸೇರಿ ಬಂತು. ಒಬ್ಬರು ಬಣ್ಣ ಕೊಟ್ಟವರು, ಇನ್ನೊಬ್ಬರು ಆ ಬಣ್ಣದಲ್ಲಿ ಕಂಡದ್ದನ್ನು ಹೇಳಿದವರು. ಸ್ಟಾಕ್‌ಹೋಮಿನ ವೇದಿಕೆಯಲ್ಲಿ ಡಿಸೆಂಬರ್ 11ರಂದು ಮಾತಾಡಿದ ಗಾಲ್ಜಿ, ನರಕೋಶ ಸಿದ್ಧಾಂತವೇ ತಪ್ಪು, ಬಲೆಯೇ ಸರಿ ಎಂದು ವಾದಿಸಿದರು. ಮರುದಿನ ಕಹಾಲ್ ತಮ್ಮ ಪುರಾವೆಗಳನ್ನು ಮಂಡಿಸಿದರು. ಗಾಲ್ಜಿಯವರ ವಿಧಾನಕ್ಕೆ ಸಲ್ಲಬೇಕಾದ ಗೌರವವನ್ನು ಅವರು ಎಂದೂ ಕಡಿಮೆ ಮಾಡಲಿಲ್ಲ. ಗಾಲ್ಜಿ ಪೂರ್ತಿ ತಪ್ಪು ಎನ್ನುವುದೂ ಸರಿಯಲ್ಲ. ಕೆಲವು ಕಡೆ ನೆರೆಯ ಕೋಶಗಳ ನಡುವೆ ವಿದ್ಯುತ್ ನೇರವಾಗಿ ದಾಟುವ ಸಣ್ಣ ಕೊಳವೆಗಳಿರುವುದು ಆಮೇಲೆ ಗೊತ್ತಾಗಿದೆ.

ಕಹಾಲರ ನಡುವಯಸ್ಸು ದಾಟಿದ ನಂತರದ ಕೆಲಸ ನಮ್ಮ ಅಡಿಕೆ ಸೀಮೆಯವರಿಗೆ ಹೆಚ್ಚು ಹತ್ತಿರದ್ದು. ಮರದಿಂದ ಬಿದ್ದು ಬೆನ್ನುಮೂಳೆ ಮುರಿದ ಕೊನೆಗಾರರನ್ನು ನಾವು ಕಂಡಿದ್ದೇವೆ. ಮುರಿದ ಕೈ ಎಲುಬು ಕೂಡುತ್ತದೆ, ಕತ್ತರಿಸಿದ ಬೆರಳಿನ ನರವೂ ನಿಧಾನವಾಗಿ ಚಿಗುರಿ ಸ್ವಲ್ಪ ಮಟ್ಟಿಗೆ ಸ್ಪರ್ಶ ಮರಳುತ್ತದೆ. ಮೆದುಳುಬಳ್ಳಿ ತುಂಡಾದರೆ ಮಾತ್ರ ಕಾಲು ಮರಳುವುದಿಲ್ಲ. ಆ ಕಾಲಿಗೆ ಸೂಜಿ ಚುಚ್ಚಿದರೆ ರೋಗಿಗೆ ತಿಳಿಯದು, ಆದರೂ ಕಾಲು ತಾನಾಗಿ ಸೆಳೆದುಕೊಳ್ಳಬಹುದು. ಮನೆಯವರು ಅದನ್ನು ಗುಣಮುಖದ ಲಕ್ಷಣವೆಂದು ಆಸೆಪಡುತ್ತಾರೆ. ಅದು ಮುರಿತದ ಕೆಳಗೆ ಉಳಿದ ಪರಾವರ್ತಿತ ದಾರಿಯ ಕೆಲಸ, ಮೇಲಿನ ದಾರಿ ಕಡಿದೇ ಇದೆ. ಇದನ್ನು ವೈದ್ಯರು ಬಿಡಿಸಿ ಹೇಳಿದರೆ ಎಷ್ಟೋ ಮನೆಗಳಲ್ಲಿ ವ್ಯರ್ಥ ಓಡಾಟ ತಪ್ಪೀತು. ಕಡಿದ ನರಗಳ ಮೇಲೆ ವರ್ಷಗಟ್ಟಲೆ ದುಡಿದ ಕಹಾಲ್ 1913-14ರಲ್ಲಿ ಎರಡು ಸಂಪುಟಗಳನ್ನು ಹೊರತಂದರು. ಕೈಕಾಲಿನ ನರ ಕಡಿದ ಜಾಗದಿಂದ ಚಿಗುರಿ ಬೆಳೆಯುತ್ತದೆ, ಮೆದುಳು ಮತ್ತು ಮೆದುಳುಬಳ್ಳಿಯಲ್ಲಿ ಚಿಗುರು ಹೊರಟರೂ ಬಾಡಿಹೋಗುತ್ತದೆ ಎಂಬುದು ಅದರ ತಿರುಳು. ಅವರ ಶಿಷ್ಯ ತೆಯ್ಯೊ 1911ರಲ್ಲೇ ಕೈಕಾಲಿನ ನರದ ತುಂಡನ್ನು ಮೆದುಳಿಗೆ ನೆಟ್ಟು, ಅದರೊಳಗೆ ಮೆದುಳಿನ ತಂತುಗಳು ಬೆಳೆಯುವುದನ್ನು ತೋರಿಸಿದ್ದರು. ಅಂದರೆ ತಂತುವಿಗೆ ಬೆಳೆಯುವ ಶಕ್ತಿ ಇದೆ, ಅದರ ಸುತ್ತಲಿನ ನೆಲ ಬಿಡುತ್ತಿಲ್ಲ. ಮೆದುಳುಬಳ್ಳಿ ರಿಪೇರಿಯ ಇಂದಿನ ಸಂಶೋಧನೆ ಈ ನೆಲವನ್ನು ಹದಮಾಡುವ ಪ್ರಯತ್ನದಲ್ಲೇ ಇದೆ.

1930ರಲ್ಲಿ ಸಿಲ್ವೇರಿಯಾ ತೀರಿಕೊಂಡರು. ಕಹಾಲ್ ಅವರಿಗೆ ಕಿವಿ ಮಂದವಾಗಿತ್ತು, ತಲೆಯ ರಕ್ತನಾಳಗಳು ಗಡುಸಾಗಿ ಕಾಡುತ್ತಿದ್ದವು. ಆ ಸ್ಥಿತಿಯಲ್ಲೂ ಬಲೆಯ ವಾದ ಮತ್ತೆ ತಲೆಯೆತ್ತಿದಾಗ, 1933ರಲ್ಲಿ, ಬಿಡಿ ಕೋಶದ ಪರವಾಗಿ ಒಂದು ದೀರ್ಘ ಪ್ರಬಂಧ ಬರೆದರು. ಎಂಬತ್ತರ ವಯಸ್ಸಿನಲ್ಲಿ ಜಗತ್ತು ಹೇಗೆ ಕಾಣುತ್ತದೆ ಎಂಬ ಬಗ್ಗೆ ಒಂದು ಪುಸ್ತಕವನ್ನೂ ಮುಗಿಸಿದರು. 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ನಿಧನರಾದರು.

ಕೋಶಗಳ ನಡುವಿನ ಬಿಡುವನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ತಂತುವಿನ ತುದಿ ಮುಗಿಯುವುದನ್ನು ಕಂಡಿದ್ದರು, ಅಷ್ಟೆ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಅಷ್ಟು ಸಣ್ಣದನ್ನು ತೋರಿಸುವ ಶಕ್ತಿಯೇ ಇಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಸಿನಾಪ್ಸನ್ನು ಇಟ್ಟು ನೋಡಿದರು. ಎರಡು ಕೋಶಗಳಿಗೆ ಎರಡು ಪ್ರತ್ಯೇಕ ಪೊರೆಗಳಿದ್ದವು, ನಡುವೆ ಸುಮಾರು 20 ನ್ಯಾನೊಮೀಟರ್ ಅಗಲದ ಜಾಗ ಖಾಲಿ ಇತ್ತು.